ಇಂದಿನ ಮೀನು

ಹತ್ತೂವರೆಗೆ ಸೀಮೆಸುಣ್ಣ ಹಿಡಿದು
ಹಲಗೆಯ ಮುಂದೆ ನಿಲ್ಲುತ್ತೇನೆ.
ಬಂದರಿನ ಓಣಿ, ಹನ್ನೊಂದು ಮೇಜಿನ ಊಟದ ಹೋಟೆಲು,
ಅದರಲ್ಲೊಂದಕ್ಕೆ ಕಾಲು ಗಿಡ್ಡ.
ಮೇಲಿನ ಸಾಲು ಅತ್ತೆಯ ಕಾಲದ್ದು, ಪೈಂಟಿನಲ್ಲಿ ಬರೆದದ್ದು:
ಇಂದಿನ ಮೀನು.
ಕೆಳಗಿನದ್ದು ಮಾತ್ರ ದಿನಾ ಅಳಿಸಿ ಬರೆಯುವುದು.

ಅತ್ತೆ ಬರೆಯುತ್ತಿದ್ದದ್ದು ದಕ್ಕೆಯನ್ನು ಕೇಳಿ.
ನಾನು ಬರೆಯುವುದು ಲಾರಿಯನ್ನು ಕೇಳಿ.

ಮೊಯ್ದಿನಬ್ಬ ಪೆಟ್ಟಿಗೆ ಇಳಿಸುತ್ತಾನೆ.
"ಒಮಾನಿನ ಬಂಗುಡೆ ಅಕ್ಕಾ, ದಪ್ಪ ಉಂಟು ನೋಡಿ."
ನೋಡುತ್ತೇನೆ. ಕಣ್ಣಿಗೆ ಮಂಜು ಕಟ್ಟಿದೆ.
ಇಷ್ಟು ಕಡಲು ದಾಟಿ ಬಂದದ್ದು ಈಜಿ ಅಲ್ಲ;
ಡೀಸೆಲ್ ಕುಡಿದು, ಐಸು ಹೊದ್ದು,
ನನಗಿಂತ ಹೆಚ್ಚು ಊರು ನೋಡಿ.

ಸೀಸನ್ನಿನಲ್ಲಿ, ಅದೇ ಹೊತ್ತಿಗೆ, ಹಿಂದಿನ ರಸ್ತೆಯಲ್ಲಿ
ನಮ್ಮದೇ ನೀರಿನ ಬೂತಾಯಿ
ಬೆರಳುದ್ದವೂ ಬೆಳೆಯದೆ
ಟಿಪ್ಪರಿನಲ್ಲಿ ಹುಡಿಯಾಗಲು ಹೋಗುತ್ತದೆ,
ದಾರಿಯುದ್ದ ನೀರು ತೊಟ್ಟಿಕ್ಕಿಸುತ್ತಾ.
ಹುಡಿ ಕೋಳಿಯ ತೊಟ್ಟಿಗೆ. ಕೋಳಿ ನನ್ನ ಬಾಣಲೆಗೆ.
ಐದನೇ ಮೇಜಿನ ಹುಡುಗರು ಕಬಾಬು ಕಚ್ಚುವಾಗ
ನನಗೊಬ್ಬಳಿಗೇ ಒಮ್ಮೊಮ್ಮೆ ವಾಸನೆ ಬರುತ್ತದೆ:
ಎಣ್ಣೆಯ ತಳದಲ್ಲೆಲ್ಲೋ ಉಪ್ಪುನೀರು.

ದೊಡ್ಡ ಬಂಗುಡೆ ಎಲ್ಲಿ ಹೋಯಿತು ಎಂದು
ಬೆಂಗ್ರೆಯ ವಾರಿಜಕ್ಕನನ್ನು ಕೇಳಿದೆ.
ಮೀನು ಕೊಯ್ಯುತ್ತಲೇ ಹೇಳಿದಳು:
"ಸೆಕೆಯಾದರೆ ತೊಟ್ಟಿಲ ಮಗು ಕೂಡಾ ಹೊದಿಕೆ ಒದೆಯುತ್ತದೆ.
ನೀರು ಬೆಚ್ಚಗಾಯಿತು, ಎದ್ದು ಹೋಯಿತು.
ಆಳಕ್ಕೋ, ಬಡಗು ದಿಕ್ಕಿಗೋ,
ನನಗೇನು ಹೇಳಿ ಹೋಗಿದೆಯಾ?"

ಕಳೆದ ಜುಲೈ. ಬೋಟುಗಳೆಲ್ಲ ದಡದಲ್ಲಿ.
ಹೆದ್ದಾರಿಗೆ ಗುಡ್ಡ ಜಾರಿತು,
ಲಾರಿ ಅಲ್ಲೇ ನಿಂತಿತು, ಮೂರು ದಿನ.
ಎರಡು ತಿಂಗಳ ಮಳೆ ಒಂದೇ ರಾತ್ರಿ ಸುರಿದಿತ್ತು,
ಯಾರಿಗೋ ಸಾಲ ತೀರಿಸುವ ಗಡಿಬಿಡಿಯಲ್ಲಿದ್ದ ಹಾಗೆ.

ನಾನು ಹಲಗೆಯ ಮೇಲೆ ಬರೆದೆ: ಇಲ್ಲ.
ಎರಡೇ ಅಕ್ಷರ. ಸೀಮೆಸುಣ್ಣ ಮುರಿಯಿತು.

ಮಾರ್ಕೆಟಿನ ಮೆಟ್ಟಿಲಲ್ಲಿ ಕೊಡೆ ಹಿಡಿದು ಕೂತವಳ ಬಳಿ
ತಜಂಕ್ ಇತ್ತು, ತಿಮರೆ ಇತ್ತು,
ಅವಳ ಮನೆಯ ಹಿಂದಿನ ಗುಡ್ಡದ್ದು, ಮಣ್ಣು ಹಸಿಯಿತ್ತು.
ತಜಂಕಿಗೆ ಹಲಸಿನ ಬೀಜ ಹಾಕಿದೆ,
ತಿಮರೆ ಚಟ್ನಿ ಅರೆದೆ, ಹುರುಳಿ ಸಾರು ಕುದಿಸಿದೆ,
ಡಬ್ಬದ ತಳದ ಒಣ ಸಿಗಡಿಯನ್ನು ಸುಟ್ಟ ಮೆಣಸಿನ ಜೊತೆ ಗುದ್ದಿದೆ.
ಕುಚ್ಚಲಕ್ಕಿ ಗಂಜಿ, ಬೇಕಾದಷ್ಟು.

ನಾಲ್ಕು ಜನ ಬಂದ ಹಾಗೇ ಎದ್ದು ಹೋದರು.
ಒಬ್ಬ ಕೇಳಿದ: "ಎಂತ ಮಾರಾಯ್ರೆ, ಮನೆಯಲ್ಲಿ ಸೂತಕವಾ?"
ಗೋದಾಮಿನ ಲೆಕ್ಕದ ಬೊನಿಫಾಸ್ ಪೊರ್ಬುಗಳು
ಮಾತಾಡದೆ ಉಂಡರು.
ಮೂರು ಸಲ ಗಂಜಿ ಹಾಕಿಸಿಕೊಂಡರು.
ಬಟ್ಟಲು ಓರೆ ಮಾಡಿ ಕೊನೆಯ ತಿಳಿಯನ್ನೂ ಕುಡಿದರು.
ಕೈ ತೊಳೆದು ಬಂದು, ಚಿಲ್ಲರೆ ಎಣಿಸುತ್ತಾ:
"ನಾಳೆ ಮೀನು ಉಂಟಲ್ಲ?"

ರಾತ್ರಿ ಎಂಜಲಿನ ಬಾಲ್ದಿ ಎತ್ತಿದ ದಾಮು
"ಹಗುರ ಉಂಟಲ್ಲ ಅಕ್ಕಾ" ಎಂದ.
ಗಲ್ಲಾಪೆಟ್ಟಿಗೆಯೂ ಹಗುರವೇ ಇತ್ತು.
ಎರಡನ್ನೂ ಒಂದೇ ತಕ್ಕಡಿಗೆ ಹಾಕಿ
ತೂಗುತ್ತಾ ಕೂತೆ, ಕರೆಂಟು ಹೋಗುವವರೆಗೆ.

ಇಂದು ಬಿಸಿಲು. ರಸ್ತೆ ಸರಿಯಾಗಿದೆ, ಬಾಡಿಗೆಯ ತಾರೀಕು ಹತ್ತಿರವಿದೆ.
ಲಾರಿ ಇಂಜಿನ್ನು ನಿಲ್ಲಿಸಿಲ್ಲ,
ಪೆಟ್ಟಿಗೆಯ ಮೂಲೆಯಿಂದ ಐಸು ಕರಗಿ
ನನ್ನ ಮೆಟ್ಟಿಲಿಗೆ ಹರಿಯುತ್ತಿದೆ.

"ಎಷ್ಟು ಅಕ್ಕಾ? ಬೇಗ ಹೇಳಿ."

ಹಲಗೆ ನೋಡಿದೆ. ಒರೆಸಿದರೂ
ಆ ಎರಡಕ್ಷರದ ನೆರಳು ಪೂರ್ತಿ ಹೋಗಿಲ್ಲ.
"ಅರ್ಧ ಸಾಕು" ಎಂದೆ.

ಮೊಯ್ದಿನಬ್ಬ ನಕ್ಕ.
"ಅರ್ಧ ತಕ್ಕೊಂಡರೆ ಲಾರಿ
ಅರ್ಧ ದಾರಿ ಬರುತ್ತದಾ, ಅಕ್ಕಾ?"